ಕೆಂಪು ಕಾರು ಎರಡು ಸಲ ತಲುಪಿದ ಮನೆ

ಯಾರಾದರೂ ದೆವ್ವ, ಶಕುನ ಎಂದು ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು. ಬೆಳೆದದ್ದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಅಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ಆ ಮಾತನ್ನು ನಾನು ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ನನ್ನ ಕಣ್ಣೆದುರೇ ನಡೆದ ಒಂದು ಸಂಗತಿಗೆ ಇದುವರೆಗೂ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಗಿ ಆಗ ನಾಲ್ಕು ವರ್ಷವಾಗಿತ್ತು. ಹೆಬ್ಬಾಳದ ಬಳಿ, ಡ್ರೈವರ್ ಇಲ್ಲದೆ ಕಾರು ಬಾಡಿಗೆಗೆ ಕೊಡುವ ಒಂದು ಪುಟ್ಟ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ಮಾಲೀಕರು ಆರ್.ಟಿ. ನಗರದ ರಹೀಂ ಸಾಹೇಬರು. ಹೊರದೇಶದಿಂದ ಬಂದವರಿಗೆ ಅನುಕೂಲವಾಗಲಿ ಎಂದು ಅವರು ಎರಡು ಜಿಪಿಎಸ್ ಡಬ್ಬಿಗಳನ್ನು ತರಿಸಿದ್ದರು. ಮುಂದಿನ ಗಾಜಿಗೆ ಅಂಟಿಸಿ, ಹೋಗಬೇಕಾದ ಊರಿನ ಹೆಸರು ಹಾಕಿದರೆ, ಒಳಗಿಂದ ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳುತ್ತಾ ಹೋಗುತ್ತಿತ್ತು. ಮೊಬೈಲಿನಲ್ಲೇ ದಾರಿ ನೋಡುವುದು ಆಗ ಇನ್ನೂ ಎಲ್ಲರಿಗೂ ರೂಢಿಯಾಗಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಪೀಟರ್ ಎಂಬ ಹಿರಿಯರು ಬಂದರು. ಇಂಗ್ಲೆಂಡಿನವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಒಬ್ಬರೇ ನಂದಿ ಬೆಟ್ಟಕ್ಕೆ ಹೋಗಿ ಬರುವ ಆಸೆ ಅವರದು. ಕೆಂಪು ಬಣ್ಣದ ಸಣ್ಣ ಕಾರನ್ನು ಕೊಟ್ಟು, ಡಬ್ಬಿಯಲ್ಲಿ ನಂದಿ ಎಂದು ನಾನೇ ಹಾಕಿಕೊಟ್ಟೆ. ಮಧ್ಯಾಹ್ನಕ್ಕೆ ಮುಂಚೆಯೇ ವಾಪಸು ಬಂದರು. ಮುಖ ಬಿಳಿಚಿಕೊಂಡಿತ್ತು. ಡಬ್ಬಿ ಅವರನ್ನು ಹೆದ್ದಾರಿ ಬಿಡಿಸಿ, ಯಲಹಂಕದಾಚೆ ಎಲ್ಲೋ ನೀಲಗಿರಿ ತೋಪಿನ ಪಕ್ಕದ ಮಣ್ಣುದಾರಿಗೆ ಇಳಿಸಿ, ಒಣಗಿದ ಕೆರೆಯ ಏರಿ ದಾಟಿಸಿ, ಹೊಂಗೆ ಮರದ ಕೆಳಗಿದ್ದ ಒಂದು ಹೆಂಚಿನ ಮನೆಯ ಮುಂದೆ ನಿಲ್ಲಿಸಿ, ನೀವು ತಲುಪಬೇಕಾದ ಸ್ಥಳ ಬಂತು ಎಂದಿತಂತೆ. ಇಬ್ಬರು ಹೆಂಗಸರು ಕೂಗುತ್ತಾ, ಕೈ ಬೀಸುತ್ತಾ ಕಾರಿನತ್ತ ಓಡಿಬಂದರಂತೆ. ತಾನೇನೋ ತಪ್ಪು ಮಾಡಿದೆನೆಂದು ಹೆದರಿ ಇವರು ಕಾರು ತಿರುಗಿಸಿಕೊಂಡು ಬಂದುಬಿಟ್ಟಿದ್ದರು.

ನಾನು ಕ್ಷಮೆ ಕೇಳಿದೆ. ಡಬ್ಬಿಯೊಳಗಿನ ನಕ್ಷೆ ಹಳತಾಗಿರಬೇಕು ಎಂದುಕೊಂಡು, ಅದೇ ಸಂಜೆ ಹೊಸ ನಕ್ಷೆ ಹಾಕಿಸಿ, ಹಳೆಯ ಊರುಗಳ ಪಟ್ಟಿಯನ್ನೂ ಅಳಿಸಿದೆ. ಅಲ್ಲಿಗೆ ಆ ವಿಷಯ ನನ್ನ ತಲೆಯಿಂದ ಹೋಯಿತು.

ಎರಡು ವಾರ ಕಳೆದಿರಬೇಕು. ದೊಡ್ಡಬಳ್ಳಾಪುರದ ಒಬ್ಬ ಗಿರಾಕಿಗೆ ಅದೇ ಕೆಂಪು ಕಾರನ್ನು ತಲುಪಿಸಬೇಕಿತ್ತು. ಹುಡುಗರು ಯಾರೂ ಇರಲಿಲ್ಲ, ಅದೇ ಡಬ್ಬಿಯಲ್ಲಿ ಆ ಊರಿನ ಹೆಸರು ಹಾಕಿಕೊಂಡು ನಾನೇ ಹೊರಟೆ. ರಾಜಾನುಕುಂಟೆ ದಾಟಿದ ಮೇಲೆ ರಸ್ತೆಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಡಬ್ಬಿ ಬಲಕ್ಕೆ ತಿರುಗಿ ಎಂದಿತು. ಒಳದಾರಿ ಇರಬಹುದು ಎಂದುಕೊಂಡು ತಿರುಗಿಸಿದೆ. ನೀಲಗಿರಿ ತೋಪು ಬಂತು. ಆಗಲೂ ನನಗೆ ಏನೂ ಅನಿಸಲಿಲ್ಲ. ಆ ಕಡೆ ನೀಲಗಿರಿ ಎಲ್ಲ ಕಡೆಯೂ ಇದೆ. ಕೆರೆ ಏರಿ ಹತ್ತಿದಾಗ ಮಾತ್ರ, ಪೀಟರ್ ಹೇಳಿದ ದಾರಿ ಇದೇ ಎಂದು ಹೊಳೆದು ಬ್ರೇಕ್ ಒತ್ತಿದೆ. ಏರಿಯ ಮೇಲೆ ಕಾರು ತಿರುಗಿಸುವಷ್ಟು ಜಾಗ ಇರಲಿಲ್ಲ. ಕೆಳಗಿಳಿದರೆ ಹೊಂಗೆ ಮರ, ಹೆಂಚಿನ ಮನೆ. ಆ ದನಿ ಶಾಂತವಾಗಿ, ನೀವು ತಲುಪಬೇಕಾದ ಸ್ಥಳ ಬಂತು ಎಂದಿತು.

ನಿಜ ಹೇಳಬೇಕೆಂದರೆ, ನಾನೂ ರಿವರ್ಸ್ ಗೇರ್ ಹಾಕಿದ್ದೆ. ಅಷ್ಟರಲ್ಲಿ ಒಬ್ಬ ವಯಸ್ಸಾದ ಹೆಂಗಸು ಓಡಿಬಂದು ಕಾರಿನ ಬಾನೆಟ್ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟಳು.

"ಓಗ್ಬೇಡ ಕಣವ್ವಾ, ನಿನ್ ಕಾಲಿಗ್ ಬೀಳ್ತೀನಿ. ಸೊಸೆಗೆ ಎರಿಗೆ ನೋವು. ರಕ್ತ ನಿಲ್ತಾ ಇಲ್ಲ. ಮಗ ಆಟೋ ತರ್ತೀನಿ ಅಂತ ಓದೋನು ಇನ್ನೂ ಬಂದಿಲ್ಲ."

ಒಳಗೆ ಹೋಗಿ ನೋಡಿದೆ. ಇಪ್ಪತ್ತರ ಹುಡುಗಿ, ಚಾಪೆಯ ಮೇಲೆ. ಹೆಸರು ಲಕ್ಷ್ಮಿ ಎಂದು ಆಮೇಲೆ ತಿಳಿಯಿತು. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಇಬ್ಬರೂ ಸೇರಿ ಅವಳನ್ನು ಚಾಪೆಯ ಸಮೇತ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಯಲಹಂಕದವರೆಗೆ ನಾನು ಹಾರ್ನ್‌ನಿಂದ ಕೈ ತೆಗೆಯಲಿಲ್ಲ. ಡಬ್ಬಿ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ನೇರವಾಗಿ ಆಪರೇಷನ್‌ಗೆ ಕರೆದುಕೊಂಡು ಹೋದರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. ತಾಯಿ ಉಳಿದಳು, ಹೆಣ್ಣು ಮಗುವೂ ಉಳಿಯಿತು.

ವರಾಂಡದ ಬೆಂಚಿನ ಮೇಲೆ ಆ ಅತ್ತೆ, ಮುನಿಯಮ್ಮ, ನನ್ನ ಪಕ್ಕ ಕೂತಿದ್ದಳು. "ನಿಮ್ ಕಾರು ಅವತ್ತೂ ಬಂದಿತ್ತಲ್ಲವ್ವಾ" ಎಂದಳು.

"ಯಾವತ್ತಮ್ಮ?"

"ಒಂದು ಮಂಗಳ್ವಾರ. ಇದೇ ಕೆಂಪ್ ಕಾರು, ಇದೇ ಕರೀ ನಂಬರ್ ಪ್ಲೇಟು. ನನ್ ಯಜಮಾನ್ರು ಎದೆ ಇಡ್ಕೊಂಡು ಬಿದ್ದಿದ್ರು. ಕಾರ್ ಬಂತಲ್ಲ, ದೇವ್ರೇ ಕಳಿಸ್ದ ಅಂತ ನಾನೂ ಸೊಸೇನೂ ಓಡಿದ್ವಿ. ಒಬ್ಬ ಬೆಳ್ಳಗಿರೋ ಮನುಷ್ಯ ನಮ್ಮನ್ನ ನೋಡ್ದ, ತಿರುಗಿಸ್ಕೊಂಡು ಒಂಟೋದ. ಒಂದ್ ಗಂಟೆ ಇದ್ರು ಅಷ್ಟೇ. ಮೊನ್ನೆ ತಿಥಿ ಆಯ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನ್ನ ಯಾರ್ ಕಳಿಸಿದ್ದು?" ಎಂದು ಕೇಳಿದಳು. ಯಾರೂ ಕಳಿಸಲಿಲ್ಲ ಎಂದೆ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎನ್ನುವ ಹಾಗೆ ಅವಳು ನನ್ನ ಮುಖವನ್ನೇ ನೋಡಿದಳು.

ಮರುದಿನ ರಹೀಂ ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಡಬ್ಬಿಯನ್ನು ರಿಪೇರಿಯವನ ಹತ್ತಿರ ಬಿಚ್ಚಿಸಿ ನೋಡಿದರು. ಏನೂ ಕೆಟ್ಟಿರಲಿಲ್ಲ. ಆ ಮಣ್ಣುದಾರಿ ಅದರ ನಕ್ಷೆಯಲ್ಲೇ ಇರಲಿಲ್ಲ, ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. "ಇದನ್ನ ಯಾರ್ಗೂ ಹೇಳ್ಬೇಡಮ್ಮ, ಕಾರ್ ತಗೊಳೋಕೆ ಜನ ಬರಲ್ಲ" ಎಂದರು ಸಾಹೇಬರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಎಸೀಬೇಡ, ಇಟ್ಟಿರು" ಎಂದೂ ಹೇಳಿದರು. ಆಮೇಲೆ ನಾಲ್ಕು ಭಾನುವಾರ ನಾನು ಅದೇ ಕಾರು, ಅದೇ ಡಬ್ಬಿ ತೆಗೆದುಕೊಂಡು ಒಮ್ಮೆ ನಂದಿಗೆ, ಒಮ್ಮೆ ದೊಡ್ಡಬಳ್ಳಾಪುರಕ್ಕೆ ಹೋಗಿ ಬಂದೆ. ಅದು ಸರಿಯಾದ ದಾರಿಯನ್ನೇ ತೋರಿಸಿತು. ನೀಲಗಿರಿ ತೋಪಿನ ತಿರುವಿನಲ್ಲಿ ಬೇಕೆಂದೇ ನಿಧಾನ ಮಾಡಿದರೂ ನೇರ ಹೋಗಿ ಎಂದಿತು.

ಮುಂದಿನ ವರ್ಷ ಪೀಟರ್ ಮತ್ತೆ ಬಂದರು. ನನ್ನನ್ನು ಗುರುತಿಸಿ ನಕ್ಕು, ಆ ಡಬ್ಬಿ ಸರಿಹೋಯಿತೇ ಎಂದು ಕೇಳಿದರು. ಹೋಯಿತು ಎಂದೆ. ಕಾಗದಗಳಿಗೆ ಸಹಿ ಹಾಕುತ್ತಾ ತಲೆಯೆತ್ತದೆ, ಆ ಹೆಂಗಸರು ಅವತ್ತು ಏನು ಕೇಳಲು ಬಂದಿದ್ದರೋ ಎಂದರು. ಊರಿಗೆ ಹೋದ ಮೇಲೂ ಅದು ಆಗಾಗ ನೆನಪಾಗುತ್ತಿತ್ತಂತೆ.

ಅವರಿಗೆ ಎಪ್ಪತ್ತು ದಾಟಿತ್ತು. ನೀವು ಯಾರೆಂದು ಕೇಳಲು ಬಂದಿರಬೇಕು ಎಂದುಬಿಟ್ಟೆ. ಅವರಿಗೆ ಎಷ್ಟೋ ಸಮಾಧಾನವಾದಂತೆ ಕಂಡಿತು. ನಾನು ನಿಲ್ಲಿಸಬೇಕಿತ್ತು, ಒಂದು ನಮಸ್ಕಾರವನ್ನಾದರೂ ಹೇಳಬೇಕಿತ್ತು ಎಂದರು.

ಹಾಗೆ ಸುಳ್ಳು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಎರಡು ಸಲವೂ ಆ ಕಾರು ಅಲ್ಲಿಗೆ ಹೋಗಬೇಕಾದ ಹೊತ್ತಿಗೇ ಹೋಗಿತ್ತು. ಅದನ್ನು ಕಾಕತಾಳೀಯ ಎನ್ನಲು ನನಗೆ ಬಾಯಿ ಬರುವುದಿಲ್ಲ; ಬೇರೆ ಏನೆಂದು ಕರೆಯಬೇಕೋ ತಿಳಿಯುವುದೂ ಇಲ್ಲ. ಕಳಿಸಿದ್ದು ಯಾವುದೇ ಆಗಿರಲಿ, ಅದಕ್ಕೆ ಹೊತ್ತು ಗೊತ್ತಿತ್ತು, ದಾರಿ ಗೊತ್ತಿತ್ತು. ಹಾಗಿದ್ದ ಮೇಲೆ ಮೊದಲನೇ ಸಲವೂ ಆ ಮನೆಗೆ ಕನ್ನಡ ಬರುವ ಒಬ್ಬರನ್ನು ಯಾಕೆ ಕಳಿಸಲಿಲ್ಲ?