ತೆಗೆದವರು ನಿಂತ ಜಾಗ

ಹಿರೇಕೆರೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಆ ಫೋಟೋಗ್ರಾಫರು ಲೋಕಪ್ರಸಿದ್ಧ ಚಿತ್ರಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಬಾಂಬಿನ ಬೆಂಕಿಯಲ್ಲಿ ಬಟ್ಟೆ ಸುಟ್ಟುಹೋಗಿ ಅಳುತ್ತ ಓಡಿಬರುವ ಹುಡುಗಿಯನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಅವರು ಕನ್ನಡಕ ಹಣೆಗೇರಿಸಿ, "ಆಕೀನ್ನ ಎಲ್ಲಾರೂ ನೋಡ್ತಾರ್ರಿ. ತಗದಾಂವ ಎಲ್ಲಿ ನಿಂತಿದ್ದ, ಅದನ್ನ ನೋಡ್ರಿ" ಅನ್ನುತ್ತಿದ್ದರು. ಯಾವ ಚಿತ್ರಕ್ಕೂ ಅದೇ ಮಾತು.

ನಮ್ಮಲ್ಲಿ ತೀರಿಕೊಂಡವರಿಗೆ ವಿಭೂತಿ ಹಚ್ಚಿ ಕೂರಿಸಿ, ಮನೆಯವರೆಲ್ಲ ಸುತ್ತ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಆ ಫೋಟೋದಲ್ಲಿ, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆಯುವುದರಲ್ಲಿ ಅವರದು ಎತ್ತಿದ ಕೈ.

ಅವರ ಹೆಂಡತಿ ತೀರಿಕೊಂಡ ದಿನ, ರಟ್ಟೀಹಳ್ಳಿಯಿಂದ ಬೇರೆಯವರನ್ನು ಕರೆಸೋಣವೆಂದೆವು. "ಬ್ಯಾಡ್ರಿ, ನಾನ ತಗೀತೇನಿ" ಎಂದು ಸ್ಟ್ಯಾಂಡು ತಾವೇ ಹೊತ್ತು ತಂದರು. ಮಕ್ಕಳು, ಸೊಸೆಯಂದಿರು ಆಕೆಯ ಎಡಬಲಕ್ಕೆ ಕುಳಿತರು. "ಅಪ್ಪಾ, ನೀನೂ ಬಾ" ಎಂದು ಮಗಳು ಕರೆದಳು. ಅವರು ಹೋಗಲಿಲ್ಲ. ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ನೋಡುವುದೂ ಅವರಿಂದಾಗಲಿಲ್ಲ. ಪಕ್ಕಕ್ಕೆ ಸರಿದು ನಿಂತು, ಕೈ ಚಾಚಿ ಗುಂಡಿ ಒತ್ತಿದರು.

ಈಗ ಅವರೂ ಇಲ್ಲ. ಮೊನ್ನೆ ಮಗಳು ಆ ಫೋಟೋ ತೋರಿಸಿ, "ಎಲ್ಲಾರೂ ಅದೇವ್ರಿ ಇದರಾಗ. ಅಪ್ಪ ಒಬ್ಬನ ಇಲ್ಲ" ಎಂದಳು.

ಅವರು ಹೇಳಿಕೊಟ್ಟ ಹಾಗೆ ನೋಡಿದೆ. ಕುಳಿತವರೆಲ್ಲರ ದೃಷ್ಟಿ ನೇರ ಕ್ಯಾಮೆರಾದ ಮೇಲಿತ್ತು. ಅವರು ಕುಂಚದಿಂದ ಬರೆದ ಆಕೆಯ ಕಣ್ಣುಗಳು ಮಾತ್ರ ತುಸು ಪಕ್ಕಕ್ಕೆ, ಅವರು ನಿಂತಿದ್ದ ಕಡೆಗೆ ನೋಡುತ್ತಿದ್ದವು.