ಈರಪ್ಪನವರ ಅಂಗಿಯ ಮೇಲಿನ ಗುಂಡಿ

ಆ ಮನುಷ್ಯ ಅಂಗಿಯ ಎಲ್ಲಕ್ಕಿಂತ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದರು. ತೋಳುಗಳು ಮಣಿಕಟ್ಟಿನವರೆಗೆ ಬಿಗಿದಿದ್ದವು. ಅದರ ಮೇಲೆ ಕೊರಳಿಗೆ ಒಂದು ಬಿಳಿ ಟವೆಲ್ಲು. ಟವೆಲ್ಲಿಗೂ ಕಿವಿಗೂ ನಡುವೆ ಬೆರಳಗಲದಷ್ಟು ಚರ್ಮ ಕಾಣುತ್ತಿತ್ತು. ಅಲ್ಲಿ ಕಿರುಬೆರಳಿನ ಉಗುರಿನಷ್ಟು ದೊಡ್ಡದಾದ, ಅಂಚು ಎದ್ದ, ಕಂದು ಬಣ್ಣದ ಒಂದು ಹುರುಪೆ ಇತ್ತು.

ಮೂರು ವರ್ಷಗಳ ಹಿಂದಿನ ಶ್ರಾವಣ ಅದು. ನಾನು ಹಳಿಯಾಳದ ಒಂದು ಆಸ್ಪತ್ರೆಯಲ್ಲಿ ಚರ್ಮರೋಗ ವೈದ್ಯೆಯಾಗಿದ್ದೆ. ಸ್ನಾತಕೋತ್ತರ ಓದು ಮುಗಿಸಿ ಸೇರಿದ ಮೊದಲ ಕೆಲಸ. ಗಜಕರ್ಣ, ತುರಿಕಜ್ಜಿ, ಗದ್ದೆಯ ಕೆಸರಿನಲ್ಲಿ ನಿಂತು ಬೆರಳ ಸಂದಿ ಕೊಳೆತವರು, ಇವರೇ ನನ್ನ ರೋಗಿಗಳು. ನನ್ನ ಕೋಣೆಗೆ ಹೋಗಬೇಕಾದರೆ ಹೆರಿಗೆ ವಾರ್ಡಿನ ಮುಂದೆಯೇ ಹಾದುಹೋಗಬೇಕು. ಅಲ್ಲಿನ ಬೆಂಚಿನ ಮೇಲೆ ಸಾಮಾನ್ಯವಾಗಿ ಹೆಂಗಸರೇ ಕೂತಿರುತ್ತಾರೆ. ಅಂದು ಬೆಂಚಿನ ತುದಿಯಲ್ಲಿ ಈ ಮನುಷ್ಯ ಕೂತಿದ್ದರು. ಮಳೆ ಬಿಡುವು ಕೊಟ್ಟಿದ್ದ, ಬೆವರು ಆರದ ಧಗೆಯ ದಿನ. ಅಂಥ ದಿನ ಅಷ್ಟು ಬಟ್ಟೆ ಹೊದ್ದು ಕೂತವರನ್ನು ಯಾರಾದರೂ ಒಮ್ಮೆ ತಿರುಗಿ ನೋಡುತ್ತಾರೆ. ನಾನು ನೋಡಿದ್ದು ಕಿವಿಯ ಕೆಳಗಿನ ಹುರುಪೆಯನ್ನು.

ಅವರ ಹೆಸರು ಈರಪ್ಪ. ತೇರಗಾಂವದ ರೈತರು, ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಶಿವಲೀಲಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ವೈದ್ಯರು ಹೇಳಿದ ದಿನ ದಾಟಿ ವಾರದ ಮೇಲಾಗಿದ್ದರೂ ನೋವು ಬಂದಿರಲಿಲ್ಲ. ಅತ್ತೆ ಪಾರವ್ವ ಮುಂಡಗೋಡದ ಕಡೆಯಿಂದ ಬಂದು ಸೊಸೆಯ ಜೊತೆ ಇದ್ದರು.

ನಾನು ಹಾದುಹೋಗುವ ಹೊತ್ತಿಗೆ ಈರಪ್ಪ ಎದ್ದು ನಿಂತು ನರ್ಸ್ ಕಸ್ತೂರಿಯವರನ್ನು ತಡೆದರು.

"ಸಿಸ್ಟರ, ಒಂದ್ ಮಾತ ಕೇಳ್ತೇನ್ರಿ. ಸ್ಕ್ಯಾನಿಂಗ್ ಮಾಡ್ಯಾರಲ್ರಿ, ಅದರಾಗ ಗಂಡೋ ಹೆಣ್ಣೋ ತಿಳದಿರ್ತೈತಲ್ರಿ?"

ಕಸ್ತೂರಿ ಗೋಡೆಯ ಮೇಲಿನ ಫಲಕಕ್ಕೆ ಬೆರಳು ಮಾಡಿದರು. "ಓದಾಕ ಬರ್ತೈತಿಲ್ಲೋ ಯಜಮಾನ್ರ? ಕೇಳಿದವ್ರಿಗೂ ಜೇಲು, ಹೇಳಿದವ್ರಿಗೂ ಜೇಲು. ನಿಮಗ ಗಂಡು ಬೇಕಂತ ನಾ ನೌಕರಿ ಕಳ್ಕೋಬೇಕೇನು?"

ಪಾರವ್ವ ನಕ್ಕರು. "ಗಂಡಿನ ಕಡಿಯವ್ರು ನಾವs ಸುಮ್ನ ಕುಂತೀವಿ, ನಮ್ಮ ಬೀಗರಿಗೆ ನೋಡ್ರಿ ಅವಸರ!"

ಈರಪ್ಪ ಟವೆಲ್ಲನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡು ಕೂತರು. ಆಗ ನಾನು ಹತ್ತಿರ ಹೋಗಿ, ಒಂದು ನಿಮಿಷ ನನ್ನ ಕೋಣೆಗೆ ಬರಲು ಹೇಳಿದೆ.

"ನನಗೇನಾಗೈತ್ರಿ? ಪೇಷಂಟ್ ನನ್ನ ಮಗಳು."

ಆದರೆ ಪಾರವ್ವ ಊಟಕ್ಕೆ ಹೋದದ್ದನ್ನು ನೋಡಿಕೊಂಡು ಮಧ್ಯಾಹ್ನ ತಾವಾಗಿಯೇ ಬಂದರು. ಬಾಗಿಲು ಮುಚ್ಚಿತೇ ಎಂದು ಎರಡು ಸಲ ತಿರುಗಿ ನೋಡಿದರು. ಅಂಗಿ ಬಿಚ್ಚಿದಾಗ ಕೊರಳು, ಎದೆಯ ಪಕ್ಕ, ಬೆನ್ನು, ತೋಳಿನ ಹೊರಭಾಗ ಎಲ್ಲೆಡೆ ಅದೇ ಕಂದು ಹುರುಪೆ. ಬಿಸಿಲಿಗೆ ಬಿರಿದ ಕೆರೆಯ ತಳದ ಹಾಗೆ. ಅಂಗೈ ಮಾತ್ರ ನುಣುಪಾಗಿತ್ತು, ಮೊಣಕೈಯ ಒಳಮಡಿಕೆ ತಿಳಿಯಾಗಿತ್ತು. ಮುಟ್ಟಲು ಕೈ ಚಾಚಿದೆ.

"ಬ್ಯಾಡ್ರಿ ಮೇಡಂ, ಕೈಗೆ ಹತ್ತತಾವ."

"ಹತ್ತಲಿ ಬಿಡ್ರಿ. ಇದು ಅಂಟೂ ರೋಗ ಅಲ್ಲ," ಎಂದು ಕೈಗವಸಿಲ್ಲದೆ ಪರೀಕ್ಷಿಸಿದೆ.

ಓದುಗರಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ನಮ್ಮೆಲ್ಲರ ಚರ್ಮವೂ ಹಳೆಯ ಕಣಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದುರಿಸುತ್ತಲೇ ಇರುತ್ತದೆ. ಅವನ್ನು ಹಿಡಿದಿಟ್ಟ ಅಂಟು ಕರಗಲು ಕೆಲವು ಕಿಣ್ವಗಳು ಬೇಕು. ಹುಟ್ಟಿನಿಂದಲೇ ಆ ವ್ಯವಸ್ಥೆ ಕೆಟ್ಟಿದ್ದರೆ ಕಣಗಳು ಉದುರದೆ ಪದರವಾಗಿ ಕೂರುತ್ತವೆ, ಚರ್ಮ ಒಣಗಿ ಮೀನಿನ ಮೈಯಂತಾಗುತ್ತದೆ. ಇದಕ್ಕೆ ಇಕ್ಥಿಯೋಸಿಸ್ ಎನ್ನುತ್ತಾರೆ. ಇದರಲ್ಲಿ ಹಲವು ಬಗೆ. ಈರಪ್ಪನವರದು ಎಕ್ಸ್ ವರ್ಣತಂತುವಿನ ಮೂಲಕ ಬರುವ ಬಗೆ ಎಂದು ನನಗನ್ನಿಸಿತು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. ಅವಳ ಮೈಮೇಲೆ ಏನೂ ಕಾಣುವುದಿಲ್ಲ. ಗಂಡಿಗೆ ಇರುವುದು ಒಂದೇ. ಹೀಗಾಗಿ ಇದು ಅಜ್ಜನಿಂದ ಮಗಳೊಳಗೆ ಹೊಕ್ಕು, ಅಲ್ಲಿ ಅಡಗಿದ್ದು, ಮೊಮ್ಮಗನ ಮೈಮೇಲೆ ಏಳಬಹುದು.

ಮನೆಯಲ್ಲಿ ಇನ್ನಾರಿಗಾದರೂ ಇತ್ತೇ ಎಂದು ಕೇಳಿದೆ.

"ನಮ್ಮ ಅವ್ವನ ತಮ್ಮಗ ಇತ್ರಿ. ಆಮ್ಯಾಲೆ ನನಗ. ಅವ್ವ ನನ್ನ ಬಸರಿದ್ದಾಗ ನೇಗಿಲಿಗೆ ಹಾವು ಸಿಕ್ಕು ಸತ್ತಿತ್ತಂತ, ಅದಕ್ಕ ಅಂತಿದ್ರು. ನಮ್ಮ ಅಕ್ಕ ತಂಗೇರ ಮೈ ನೋಡ್ರಿ, ಕನ್ನಡಿ ಇದ್ದಂಗ ಐತಿ." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು: "ಅದಕ್ಕs ಕೇಳಿದ್ದು ಸಿಸ್ಟರಗ. ಹೆಣ್ಣ ಆಗಲಿ ಅಂತ. ಹೆಣ್ಣಾದ್ರ ಮೈಮ್ಯಾಲೆ ಏಳೂದಿಲ್ಲಲ್ರಿ."

ಇಡೀ ವಾರ್ಡು ಅವರನ್ನು ಗಂಡುಕೂಸಿನ ಹುಚ್ಚಿನವರೆಂದು ತಿಳಿದಿತ್ತು.

ಬೀಗರಿಗೆ ಇದು ಗೊತ್ತಿರಲಿಲ್ಲ. ಲಗ್ನದಲ್ಲೂ ತುಂಬು ತೋಳಿನ ಅಂಗಿ, ಮೇಲೆ ಶಾಲು. ಹೆಂಡತಿ ಬದುಕಿದ್ದಾಗ ಚಳಿಗಾಲದಲ್ಲಿ ಎಣ್ಣೆ ತಿಕ್ಕುತ್ತಿದ್ದರಂತೆ. "ಆಕಿ ಹೋದ ಮ್ಯಾಲೆ ಎದಿಗೆ, ಕಾಲಿಗೆ ನಾನs ಹಚ್ಕೋತೇನ್ರಿ. ಬೆನ್ನಿಗೆ ನನ್ನ ಕೈ ನಿಲಕೂದಿಲ್ಲ. ಲೀಲಾ ಹಚ್ಚತೇನಿ ಅಂತಿದ್ಲು. ಬ್ಯಾಡವ್ವ, ಯಾರರ ನೋಡಿಗೀಡ್ಯಾರು ಅಂತ ನಾನs ಒಲ್ಲೆ ಅಂದೆ."

ಅವರು ಅಂಗಿ ಹಾಕಿಕೊಳ್ಳುತ್ತಿದ್ದಾಗ ನನಗೆ ಓದಿನ ದಿನಗಳ ಒಂದು ಸಾಲು ನೆನಪಾಯಿತು. ಪರೀಕ್ಷೆಗೆ ಬಾಯಿಪಾಠ ಮಾಡಿ, ಆಮೇಲೆ ಒಮ್ಮೆಯೂ ಬೇಕಾಗದೆ ಇದ್ದ ಸಾಲು. ಹೊಟ್ಟೆಯಲ್ಲಿರುವ ಗಂಡು ಕೂಸಿಗೆ ಈ ಕಿಣ್ವ ಇಲ್ಲದಿದ್ದರೆ ಅದರ ಕರುಳುಬಳ್ಳಿ ಅಂಟಿದ ಮಾಸಿನಲ್ಲೂ ಇರುವುದಿಲ್ಲ. ಗರ್ಭಕೋಶವನ್ನು ಹೆರಿಗೆಗೆ ಸಿದ್ಧಮಾಡುವ ಹಾರ್ಮೋನು ತಯಾರಾಗುವುದು ಆ ಮಾಸಿನಲ್ಲಿ. ಅದು ಸಾಲದಾದಾಗ ಕೆಲವರಿಗೆ ನೋವು ತಾನಾಗಿ ಬರುವುದೇ ಇಲ್ಲ, ಔಷಧಿ ಕೊಟ್ಟರೂ ಗರ್ಭಕೋಶದ ಬಾಯಿ ತೆರೆಯುವುದಿಲ್ಲ.

ಶಿವಲೀಲಾಳಿಗೆ ಹಿಂದಿನ ದಿನ ಹಾಕಿದ್ದ, ಹೆರಿಗೆ ನೋವು ಬರಿಸುವ ಜೆಲ್ ಕೆಲಸ ಮಾಡಿರಲಿಲ್ಲ.

ನನ್ನ ಊಹೆ ಸರಿಯಾಗಿದ್ದರೆ ಹೊಟ್ಟೆಯಲ್ಲಿರುವುದು ಗಂಡು. ಅದರ ಚರ್ಮ ಎದುರಿಗೆ ಕೂತ ಈ ಅಜ್ಜನ ಚರ್ಮ. ಯಾವ ಸ್ಕ್ಯಾನಿಂಗೂ ನೋಡದೆ ಅವರ ಪ್ರಶ್ನೆಗೆ ಉತ್ತರ ನನ್ನ ಬಳಿ ಇತ್ತು, ಅದನ್ನು ಹೇಳುವ ಹಾಗಿರಲಿಲ್ಲ.

"ಏನ್ ವಿಚಾರ ಮಾಡಾಕತ್ತೀರಿ ಮೇಡಂ?"

"ನಿಮ್ಮ ಮಗಳದು. ನಿಮ್ಮ ಮೈ ವಿಷಯ ಡಾಕ್ಟರ್ ಉಮಾ ಅವ್ರಿಗೆ ತಿಳಿಸಬೇಕಾಗೈತಿ. ಹೆರಿಗಿಗೂ ಇದಕ್ಕೂ ಸಂಬಂಧ ಇರಬಹುದು."

ಗುಂಡಿಗಳನ್ನೆಲ್ಲ ಹಾಕಿ ಮುಗಿಸಿ ತಲೆಯಾಡಿಸಿದರು. "ಡಾಕ್ಟರಿಗೆ ಹೇಳ್ರಿ. ಬೀಗರಿಗೆ ಬ್ಯಾಡ್ರಿ."

ಹೆರಿಗೆ ತಜ್ಞೆ ಉಮಾ ಮೇಡಂ ನನ್ನ ಮಾತನ್ನು ಪೂರ್ತಿ ಕೇಳಿದರು. ಶಿವಲೀಲಾಳ ಮೊದಲ ಸ್ಕ್ಯಾನಿಂಗ್ ತಡವಾಗಿ ಆಗಿದ್ದರಿಂದ ದಿನಗಳ ಲೆಕ್ಕದಲ್ಲಿ ಅವರಿಗೂ ಅನುಮಾನವಿತ್ತು. ಒಂದೆರಡು ದಿನ ಕಾಯಬಹುದು ಎಂಬ ಯೋಚನೆಯಿತ್ತು. "ಇನ್ನು ಕಾಯೋದು ಬೇಡ," ಎಂದು ಎದ್ದರು.

ಆದರೆ ಅಷ್ಟರಲ್ಲಿ ವಾರ್ಡಿನಲ್ಲಿ ಪಾರವ್ವ ಚೀಲ ಕಟ್ಟಿ ನಿಂತಿದ್ದರು. ನಾಡಿದ್ದು ನಾಗರ ಪಂಚಮಿ. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುವ ಹಬ್ಬ. ಹಬ್ಬದ ದಿನ ಬಸುರಿಯನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಲು ಅವರು ಒಪ್ಪಲಿಲ್ಲ. "ದಿನಾ ತಪ್ಪಿ ಹಿಡದೀರಿ ನೀವು. ಹಬ್ಬ ಮುಗಿಸ್ಕೊಂಡ್ ಬರ್ತೇವಿ. ನೋವು ಬಂದ್ರ ಇಲ್ಲೇ ಐತಲ್ರಿ ತೇರಗಾಂವ, ಹರದಾರಿ ದೂರ ಏನಲ್ಲ."

ಶಿವಲೀಲಾಳಿಗೂ ಅದೇ ಬೇಕಿತ್ತು. "ಅಪ್ಪ ಜೋಕಾಲಿ ಕಟ್ಟ್ಯಾನ್ರಿ ಮೇಡಂ. ಆಡೂದಿಲ್ಲ, ಬರೇ ಕುಂಡರ್ತೇನಿ. ಒಂದs ಸಲ ಕುಂತ್ ಬಂದ್ ಬಿಡ್ತೇನಿ."

ಅವಳ ದನಿ ಕೇಳಿ ನನಗೆ ದಾಂಡೇಲಿಯ ಬಂಗೂರನಗರದಲ್ಲಿ ನಾನು ಬೆಳೆದ ಮನೆ ಕಣ್ಣಿಗೆ ಬಂತು. ಅಪ್ಪನ ನೌಕರಿಯ ಜೊತೆ ಬಂದಿದ್ದ ಕ್ವಾರ್ಟರ್ಸು ಅದು, ನಿವೃತ್ತಿಯ ಜೊತೆ ಹೋಯಿತು. ಪಡಸಾಲೆಯ ತೊಲೆಗೆ ಪಂಚಮಿಯ ಹಗ್ಗ ಕಟ್ಟುತ್ತಿದ್ದ ಕೊಂಡಿ ಈಗಲೂ ಇರಬಹುದು. ದಾಂಡೇಲಿಗೆ ಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಆ ಮನೆಗಳ ಸಾಲನ್ನು ನೋಡುತ್ತೇನೆ. ಬೇರೆಯವರ ಬಟ್ಟೆಗಳು ಒಣಗುತ್ತಿರುತ್ತವೆ. ಅಲ್ಲಿ ಇಳಿಯಲು ನನಗೆ ಕಾರಣವಿಲ್ಲ.

ಉಮಾ ಮೇಡಂ ಕಟ್ಟುನಿಟ್ಟಾಗಿ ಬೇಡವೆಂದರು. "ನೋವು ತಾನಾಗಿ ಬರ್ತದೆ ಅಂತ ಕಾಯೋ ಹಾಗಿಲ್ಲ. ಕೂಸಿಗೆ ಅಪಾಯ. ಅದಕ್ಕೆ ಕಾರಣ ಇದೆ."

"ಏನ್ ಕಾರಣ? ಹೇಳ್ರಿ ಮತ್ತ."

ಮೇಡಂ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಕೊಟ್ಟ ಮಾತು ಹಾಗಿತ್ತು. ಪಾರವ್ವ ಚೀಲ ಹೆಗಲಿಗೇರಿಸಿದರು, ಶಿವಲೀಲಾ ಮಂಚದಿಂದ ಕಾಲು ಕೆಳಗಿಟ್ಟಳು.

"ಕಾರಣ ನಾನ್ರಿ," ಎಂದರು ಬಾಗಿಲಲ್ಲಿದ್ದ ಈರಪ್ಪ.

ಒಳಗೆ ಬಂದು ಟವೆಲ್ಲು ತೆಗೆದರು. ಮೇಲಿನ ಗುಂಡಿಯನ್ನೂ ಬಿಚ್ಚಿದರು. ತೋಳು ಮಡಚಿ ಬೀಗತಿಯ ಮುಂದೆ ಹಿಡಿದರು. "ಇದು ನಮ್ಮ ವಂಶದಾಗ ಐತ್ರಿ, ಹೆರಿಗಿಗೂ ಇದಕ್ಕೂ ಸಂಬಂಧ ಐತಂತ." ಶಿವಲೀಲಾ "ಅಪ್ಪಾ" ಎಂದಳು, ಅಷ್ಟೇ.

ಪಾರವ್ವ ತೋಳನ್ನೂ ಮುಖವನ್ನೂ ನೋಡಿದರು. "ಲಗ್ನದಾಗ ಯಾಕ ಹೇಳಲಿಲ್ರಿ?"

"ಹೇಳಿದ್ರ ಮಾಡ್ಕೋತಿದ್ರೇನ್ರಿ ಸಂಬಂಧ?"

"ಇಲ್ಲ," ಎಂದರು ಪಾರವ್ವ. "ಮಾಡ್ಕೋತಿರ್ಲಿಲ್ಲ."

ಶಿವಲೀಲಾ ಕಾಲನ್ನು ಮತ್ತೆ ಮಂಚದ ಮೇಲೆ ತೆಗೆದುಕೊಂಡಳು. "ನಾ ಇಲ್ಲೇ ಇರ್ತೇನ್ರಿ ಅತ್ತಿ," ಎಂದಳು. ಪಾರವ್ವ ಚೀಲವನ್ನು ಮಂಚದ ಕೆಳಗೆ ತಳ್ಳಿದರು. ಆ ಸಂಜೆ ಬೀಗರ ಕಡೆ ತಿರುಗಿಯೂ ನೋಡಲಿಲ್ಲ, ಆದರೆ ಆಸ್ಪತ್ರೆ ಬಿಟ್ಟು ಹೋಗಲೂ ಇಲ್ಲ.

ಮರುದಿನ ಬೆಳಿಗ್ಗೆಯಿಂದ ನೋವು ಬರಿಸುವ ಡ್ರಿಪ್ ಹಾಕಿದರೂ ಪ್ರಯೋಜನವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸಿನ ಎದೆಬಡಿತ ಇಳಿಯತೊಡಗಿತು. ಸಿಸೇರಿಯನ್ ಆಯಿತು. ಕೂಸು ಒಳಗೇ ಮಲ ಬಿಟ್ಟು ಸುತ್ತಲಿನ ನೀರು ಹಸಿರುಗಟ್ಟಿತ್ತು. ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಉಮಾ ಮೇಡಂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಾಯಿ ಕ್ಷೇಮ. ಗಂಡು ಕೂಸು.

ಸಂಜೆ ಈರಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದರು. ಕೂಸನ್ನು ದೂರದಿಂದ ನೋಡಿದ್ದರು, ಎತ್ತಿಕೊಂಡಿರಲಿಲ್ಲ. ಪಾರವ್ವ ಕೊಡಲು ಬಂದಿರಲೂ ಇಲ್ಲ.

"ಮೈ ಚಲೋ ಐತಲ್ರಿ ಮೇಡಂ? ಬೆಣ್ಣಿ ಇದ್ದಂಗ ಐತಿ."

"ಈಗ ಕಾಣೂದಿಲ್ರಿ. ಒಂದೆರಡು ತಿಂಗಳಾಗ ಕಾಣಬಹುದು."

"ಕಾಣಬಹುದೋ, ಕಾಣ್ತೈತೋ?"

ಆ ಕಣ್ಣಿನ ಮುಂದೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. "ಪರೀಕ್ಷಾ ಮಾಡಿಸಿದ್ರ ಖಾತ್ರಿ ಆಗ್ತೈತಿ. ಆದ್ರ ಕಾಣ್ತೈತಿ ಅಂತ ನನಗ ಅನಸ್ತೈತಿ." ಜೀವಕ್ಕೆ ಅಪಾಯವಿಲ್ಲ, ದಿನಾ ಆರೈಕೆ ಮಾಡಿದರೆ ಚರ್ಮ ಮೆತ್ತಗಿರುತ್ತದೆ, ಓದಬಹುದು, ದುಡಿಯಬಹುದು ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಿನ್ನೆನs ನಿಮಗ ಗೊತ್ತಿತ್ತೇನ್ರಿ?"

"ಹಂಗ ಇರಬಹುದು ಅನಿಸಿತ್ತು."

"ಹೇಳೂ ಹಂಗಿರ್ಲಿಲ್ಲ," ಎಂದು ಅವರೇ ಹೇಳಿ, ಟವೆಲ್ಲು ಸುತ್ತಿಕೊಂಡು ಬೆಂಚಿಗೆ ಹೋದರು.

ಎರಡನೆಯ ತಿಂಗಳು ಕೂಸಿನ ಕಾಲಿನ ಮೇಲೆ ತೆಳ್ಳನೆಯ ಹುರುಪೆ ಎದ್ದಿತು. ಈಗ ಅವನಿಗೆ ಮೂರು ವರ್ಷ. ತಾಯಿಯ ಜೊತೆ ಬಂದಾಗ ನನ್ನ ಮೇಜಿನ ಮೇಲಿನ ಮುಲಾಮಿನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ಆ ಪ್ರಕರಣ ಕಲಿಸಿದ್ದು ನನ್ನ ಕೆಲಸದಲ್ಲಿ ರೂಢಿಯಾಗಿದೆ: ಮಂಚದ ಮೇಲಿರುವವರ ಜೊತೆಗೆ ಬೆಂಚಿನ ಮೇಲಿರುವವರನ್ನೂ ನೋಡುತ್ತೇನೆ, ಅಂಟುರೋಗವಿಲ್ಲದ ಚರ್ಮವನ್ನು ಕೈಗವಸು ಹಾಕಿ ಮುಟ್ಟುವುದಿಲ್ಲ. ಎರಡನೆಯದನ್ನು ಯಾವ ತರಗತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಮೂರು ವರ್ಷದ ಹಿಂದಿನ ಆ ಹೆರಿಗೆಯ ಮರುದಿನ, ಪಂಚಮಿಯ ಬೆಳಿಗ್ಗೆ, ನಾನು ರೋಗಿಗಳು ಬರುವ ಮುಂಚೆಯೇ ಆಸ್ಪತ್ರೆಗೆ ಹೋದೆ. ಈರಪ್ಪ ಬೆಂಚಿನ ಮೇಲೆಯೇ ಇದ್ದರು. ಕೋಣೆಗೆ ಕರೆದು, ಅಂಗಿ ತೆಗೆದು ಗೋಡೆಯ ಕಡೆ ಮುಖ ಮಾಡಿ ಕೂರಲು ಹೇಳಿದೆ. ಹಾಗೆಯೇ ಕೂತರು. ಮುಲಾಮನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಬೆನ್ನಿಗೆ ಹಚ್ಚತೊಡಗಿದೆ, ಹೆಗಲಿನಿಂದ ಕೆಳಕ್ಕೆ, ಅವರ ಕೈ ನಿಲುಕದ ನಡುವಿನ ಜಾಗಕ್ಕೆ. ಬಿಗಿದಿದ್ದ ಹೆಗಲು ನಿಧಾನವಾಗಿ ಇಳಿಯಿತು.

ಬಾಗಿಲು ತಳ್ಳಿಕೊಂಡು ಪಾರವ್ವ ಬಂದರು. ಕೈಯಲ್ಲಿ ನನಗೆಂದು ತಂದ ಎರಡು ಎಳ್ಳುಂಡಿ. ಒಂದು ಕ್ಷಣ ನಿಂತು ನೋಡಿದರು.

"ಏನ್ರಿ ಬೀಗರ, ಅಲ್ಲೆ ಕೂಸು ಅತ್ತು ಅತ್ತು ಕೆಂಪಾಗೈತಿ, ನೀವಿಲ್ಲೆ ಬಾಣಂತಿಗತೆ ಎಣ್ಣಿ ಹಚ್ಚಿಸ್ಕೊಳಾಕತ್ತೀರಿ! ಮುಗಿಸ್ಕೊಂಡ್ ಬರ್ರಿ ಲಗೂನ. ನನ್ನ ತೊಡಿ ಜೋಮು ಹಿಡದೈತಿ, ನೀವೊಂದೀಟ ಹಿಡೀರಿ."

ಈರಪ್ಪ ಎದ್ದು ಅಂಗಿ ಹಾಕಿಕೊಂಡರು. ಮೇಲಿನ ಗುಂಡಿಯನ್ನೂ ಹಾಕಿದರು, ಅಷ್ಟು ವರ್ಷದ ರೂಢಿ. ಅವಸರದಲ್ಲಿ ಟವೆಲ್ಲು ಮಾತ್ರ ಕುರ್ಚಿಯ ಮೇಲೆ ಉಳಿಯಿತು. ನಾನು ಅದನ್ನು ಮಡಚಿ ಹಿಡಿದುಕೊಂಡು ವಾರ್ಡಿನವರೆಗೆ ಹೋದೆ. ಕೂಸು ಅವರ ತೊಡೆಯ ಮೇಲಿತ್ತು, ಅಳು ನಿಲ್ಲಿಸಿತ್ತು. ಟವೆಲ್ಲನ್ನು ಶಿವಲೀಲಾಳ ಕಾಲ ಬಳಿ ಇಟ್ಟು ಬಂದು, ಕೋಣೆಯ ಬಾಗಿಲು ಪೂರ್ತಿ ತೆರೆದು, ಮೊದಲ ರೋಗಿಯನ್ನು ಕರೆದೆ.