ಹೊಳ್ಳಿ ನೋಡದ ರಾಜಕುಮಾರಿ

ಮಲ್ಲಿ ಹೋದ್ಲಂತ...

ಮುಂಜಾನೆ ಏಳಕ್ಕ ಪುಣೆ ಬಾಜುಕಿನ ನಿಗಡಿಯಿಂದ ಆಕಿ ಮಗ ಫೋನ್ ಮಾಡಿದ.
"ಮಾವಶಿ, ಅವ್ವ ಹೋದ್ಲು" ಅಂದ.
ನಾ ಅವನಿಗೇ ಬೈದೆ. ಸರಿಯಾಗಿ ನೋಡು, ನಿದ್ದಿ ಹತ್ತಿರಬೇಕು, ಎಬ್ಬಿಸು ಅಂದೆ.
ಅಂವ ಸುಮ್ಮನ ಅಳಾಕ ಹತ್ತಿದ...

ಮೊನ್ನೆ ಐತವಾರ ನನ್ನ ಜೋಡಿ ಅರ್ಧಾ ತಾಸು ಫೋನಿನ್ಯಾಗ ಜಗಳಾಡಿದಾಕಿ.
ಇವತ್ತ ಇಲ್ಲ ಅಂದ್ರ ಹೆಂಗ ನಂಬೂದ್ರಿ?

ಈ ಗ್ರೂಪಿನ್ಯಾಗ ಭಾಳ ಮಂದಿಗೆ ಆಕಿ ಮಲ್ಲಮ್ಮ ಟೀಚರ್.
ನನಗ ಮೂರನೇ ಕ್ಲಾಸಿನಿಂದ ಬರೇ ಮಲ್ಲಿ.
ಆಕಿ ಟೀಚರ್ ಹೆಂಗಾದ್ಲು ಅನ್ನೂದು ನಿಮಗ್ಯಾರಿಗೂ ಗೊತ್ತಿಲ್ಲ. ಹೇಳಬ್ಯಾಡ ಅಂತಿದ್ಲು. ಇವತ್ತ ಆಕಿ ಮಾತು ಕೇಳೂದಿಲ್ಲ ನಾ.

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು...
ಪುಣೆದಾಗ ನಮ್ಮದೊಂದು ಸಣ್ಣ ಕನ್ನಡ ಸಾಲಿ.
ಅರ್ಧಾ ಮಕ್ಕಳು ಉಡುಪಿ ಕಡೆಯ ಹೋಟೆಲ್ ಮನ್ಯಾವು. ಅರ್ಧಾ ನಾವು, ಗುಲಬರ್ಗಾ ಕಡೆಯಿಂದ ದುಡಿಯಾಕ ಬಂದವರ ಮಕ್ಕಳು.

ಆ ವರ್ಷ ಗ್ಯಾದರಿಂಗಿಗೆ, ಅಂದ್ರ ಸಾಲಿ ವಾರ್ಷಿಕೋತ್ಸವಕ್ಕ, ನಮ್ಮ ಟೀಚರ್ ಬಾಯಾರು ಒಂದು ನಾಟಕ ಬರದು ಮಾಡಿಸಿದ್ರು.
ಒಬ್ಬ ಕುರುಡ ರಾಜ, ಅವನ ಮಗಳು, ಒಬ್ಬ ರಾಕ್ಷಸ.
ರಾಜಗ ಕಣ್ಣು ಬರಬೇಕಂದ್ರ ಮಗಳು ರಾಕ್ಷಸನ ಜೋಡಿ ಅಡವಿಗೆ ಹೋಗಬೇಕು. ಹೋಗುವಾಗ ಹೊಳ್ಳಿ ನೋಡಬಾರದು. ನೋಡಿದ್ಲೋ, ಅಪ್ಪನ ಕಣ್ಣು ಮತ್ತ ಹೋಗ್ತಾವು.

ರಾಜಕುಮಾರಿ ಪಾರ್ಟು ಮಲ್ಲೀದು.

ಹಿಂದಿನ ವರ್ಷ ಆಕಿ ತಾಯಿ ತೀರಕೊಂಡಿದ್ಲು. ಅಪ್ಪ ನಿಂಗಪ್ಪ ಬಿಲ್ಡಿಂಗ್ ಕೆಲಸಕ್ಕ ಇಟ್ಟಂಗಿ ಹೊರಾಂವ. ಅವಗ ಇಂದಾಪುರದ ಕಡೆ ಕೆಲಸ ಸಿಕ್ಕಿತ್ತು. ರೊಟ್ಟಿ ಬಡಿಯಾಕ, ಸಣ್ಣ ತಮ್ಮನ್ನ ನೋಡಾಕ ಮಗಳು ಬೇಕಾಗಿದ್ಲು.
"ಗ್ಯಾದರಿಂಗ ಮುಗೀಲ್ರಿ ಬಾಯಾರ, ಮರುದಿನ ಸಾಲಿ ಬಿಡಸತೀನಿ" ಅಂದಿದ್ದ.
ಬಾಯಾರು ಕೈ ಮುಗದು ಹೇಳಿದ್ರೂ ಕೇಳಲಿಲ್ಲ.

ಖರೇ ಹೇಳತೀನಿ... ಆ ಪಾರ್ಟು ನನಗ ಬೇಕಿತ್ತು.
ಸಿಗಲಿಲ್ಲ. ಮುಖಾ ಊದಿಸಿಕೊಂಡು ಅವ್ವನ ಬಾಜು ಜಮಖಾನಿ ಮ್ಯಾಲ ಕುಂತಿದ್ದೆ.

ಪರದೆ ಸರೀತು...
ಬಾಯಾರ ಹಸರು ಸೀರಿ, ರಟ್ಟಿನ ಕಿರೀಟ.
ದಿನಾ ನನ್ನ ಪಾಟಿ ಕಡಾ ತೊಗೊಂಡು ಕೊಡದ ಹುಡುಗಿ... ಆಕೀನ ಏನ ಈಕಿ?
"ಅಪ್ಪಾ, ನಿನ್ನ ಕಣ್ಣು ಬರತಾವಂದ್ರ ನಾ ಹೋಗತೀನಿ" ಅಂದ್ಲು ನೋಡ್ರಿ, ಸಣ್ಣ ದನಿ, ಆದ್ರ ಕಡೀ ಸಾಲಿನಾವ್ರಿಗೂ ಕೇಳಸ್ತು.


ಆಕಿ ಅಡವಿ ಕಡೆ ಮುಖಾ ಮಾಡಿ ನಾಕ ಹೆಜ್ಜಿ ಇಟ್ಲು.
ಆಗ ನಮ್ಮವ್ವ ಎದ್ದು ನಿಂತ್ಲು.

"ಏ, ತಡೀರಿ ಸ್ವಲ್ಪ. ತಾಯಿ ಇಲ್ಲದ ಕೂಸು. ಬರೇ ಉಡೀಲೆ ಹೆಂಗ ಕಳಸತೀರಿ?"

ನಮ್ಮ ಕಡೆ ಹೆಣ್ಣುಮಗಳು ಮನಿ ಬಿಟ್ಟು ಹೊಂಟ್ಲಂದ್ರ ಸೆರಗಿನ್ಯಾಗ ಅಕ್ಕಿ, ಕಾಯಿ ಹಾಕಿ ಉಡಿ ತುಂಬತಾರ. ತುಂಬದ ಕಳಸೂದಿಲ್ಲ.
ಇದು ನಾಟಕ ಅಂತ ಅವ್ವಗ ಗೊತ್ತಿತ್ತು. ಆದ್ರೂ ತಡಕೊಳ್ಳಾಕ ಆಗಲಿಲ್ಲ ಆಕಿಗೆ.
ಸ್ಟೇಜ್ ಹತ್ತೇಬಿಟ್ಲು. ಹಿಂದ ಇನ್ನೂ ಐದಾರು ಹೆಣ್ಣುಮಕ್ಕಳು.
ಹೋಟೆಲ್ ಮನಿ ಮಂದಿ ನಗಾಕ ಹತ್ತಿದ್ರು. ನನಗಂತೂ ನೆಲಾ ಬಾಯಿ ತಗದ್ರ ಸಾಕಾಗಿತ್ತು.
ಮುಖಕ್ಕ ಹಂಚಿನ ಮಸಿ ಬಳಕೊಂಡಿದ್ದ ರಾಕ್ಷಸ ಅಡ್ಡ ಬಂದ.
"ನೀ ಬಾಜು ಸರಿಯಪಾ, ನಿನಗೂ ಚುರಮರಿ ಕೊಡತೀನಿ" ಅಂದ್ಲು ಅವ್ವ. ಪಾಪ, ಸರದ.

"ಮಲ್ಲೀ... ಬಾ ಮಗಳ, ಇಲ್ಲೆ ಬಾ" ಅಂತ ಹಿಂದಿನಿಂದ ಎಲ್ಲಾರೂ ಕರದ್ರು.

ಮಲ್ಲೀ...
ನಿನಗ ಇದನ್ನ ನಾ ಎಂದೂ ಹೇಳಲಿಲ್ಲ.
ಆಗ ನಾ ಮನಸಿನ್ಯಾಗ "ಹೊಳ್ಳು, ಹೊಳ್ಳು" ಅಂತಿದ್ದೆ. ನೀ ಹೊಳ್ಳಬೇಕು, ನಾಟಕ ಕೆಡಬೇಕು ಅಂತ. ಅಂಥಾ ಹೊಟ್ಟಿಕಿಚ್ಚು.

ನೀ ಹೊಳ್ಳಲಿಲ್ಲ.
ಮುಖಾ ಅಡವಿ ಕಡೇನ ಇಟಗೊಂಡು ಹಿಂದ ಹಿಂದ ಹೆಜ್ಜಿ ಹಾಕ್ಕೋತ ಬಂದಿ...
ಒಂದು... ಎರಡು... ಮೂರು...
ಕಿರೀಟ ಅಳ್ಳಾಡಲಿಲ್ಲ. ಬಂದು ನಿಂತು, ಸೆರಗು ಮುಂದ ಚಾಚಿದಿ.
ಹೆಣ್ಣುಮಕ್ಕಳೇ ಸುತ್ತು ಹಾಕಿ ನಿನ್ನ ಎದುರಿಗೆ ಬಂದ್ರು.
ಸ್ಟೇಜಿನ ಪೂಜೆಗಂತ ಇಟ್ಟಿದ್ದ ಕಾಯಿ, ಅವ್ವನ ಚುರಮರಿ, ಅವರವರ ತಲ್ಯಾಗಿನ ಹೂವು... ಎಲ್ಲಾ ನಿನ್ನ ಉಡ್ಯಾಗ.
ನೀ ಬಗ್ಗಿ ಒಬ್ಬೊಬ್ಬರ ಕಾಲು ಮುಟ್ಟಿ ಅಡವಿಗೆ ನಡದಿ.

ಯಾರ ಹೇಳಿಕೊಟ್ರು ನಿನಗ?
ಹನ್ನೊಂದು ವರ್ಷದಾಕಿ. ರಿಹರ್ಸಲ್ ಇಲ್ಲ, ಏನಿಲ್ಲ.
ನಗೋ ಮಂದಿ ಗಪ್ ಆದ್ರು. ಬಾಯಾರು ಪರದೆ ಹಗ್ಗ ಹಿಡಕೊಂಡು ಹಂಗ ನಿಂತಬಿಟ್ರು.
ಆಮ್ಯಾಲ ನಾ ಎಷ್ಟೋ ದೊಡ್ಡ ದೊಡ್ಡ ಥೇಟರಿನ್ಯಾಗ ನಾಟಕ ನೋಡೀನಿ. ಅಂಥಾದ್ದು ಮತ್ತ ನೋಡಲಿಲ್ಲ ಮಲ್ಲಿ.

ನಾಟಕ ಮುಗದ ಮ್ಯಾಲ ಅವ್ವ ಸೀದಾ ನಿಮ್ಮಪ್ಪನ ಕಡೆ ಹೋದ್ಲು.
"ನಿಂಗಪ್ಪಣ್ಣಾ, ನಾವು ಉಡಿ ತುಂಬೀವಿ. ಇನ್ನ ಆಕಿ ತವರಮನಿ ನಮ್ಮದು. ಮ್ಯಾಟ್ರಿಕ್ ಆಗೂತನಕ ಕಳಸೂದಿಲ್ಲ."
"ಅದು ನಾಟಕ ಅಲ್ಲೇನ ಯಕ್ಕಾ?"
"ನಾಟಕ ಬಾಯಾರದು. ಉಡಿ ನಮ್ಮದು."

ನಿಮ್ಮಪ್ಪ ನಿನ್ನ ತುಂಬಿದ ಉಡಿ ನೋಡಿದ, ಸಣ್ಣ ತಮ್ಮನ್ನ ಎತ್ತಿಕೊಂಡ. ಆಮ್ಯಾಲ "ಸಣ್ಣಾಂವನ್ನ ನಾನ ನೋಡಕೋತೀನಿ ಬಿಡ್ರಿ" ಅಂದ.
ಮರುದಿನ ಅವರಿಬ್ಬರೇ ಇಂದಾಪುರದ ಬಸ್ ಹತ್ತಿದ್ರು.
ನೀ ನಮ್ಮ ಒಂದ ಖೋಲಿಯೊಳಗ, ನನ್ನ ಚಾದರಿನ ಅರ್ಧಾ ಕಸಗೊಂಡು ಮಲಗಿದಿ. ಮ್ಯಾಟ್ರಿಕ್, ಡಿ.ಎಡ್., ನೌಕರಿ, ಮದವಿ... ಎಲ್ಲಾ ಆ ಖೋಲಿಯಿಂದ ಆತು.

ಈಗ ನಿಗಡಿಯೊಳಗ ನಿನ್ನ ಮನಿ ಕಟ್ಟಿ ಮ್ಯಾಲ ಕುಂತು ಇದನ್ನ ಬರೀತೀನಿ.
ಈಗಷ್ಟ ಯಾರೋ ಹಿರೀಕಿ ಹೊರಗ ಬಂದು ಕೇಳಿದ್ಲು...
"ಕಡೀ ಸೀರಿ ತವರಮನಿಯಿಂದ ಬರಬೇಕ್ರಿ. ತವರಮನ್ಯಾವ್ರು ಯಾರರ ಬಂದಾರೇನು?"

ಅವ್ವ ಹೋಗಿ ಭಾಳ ವರ್ಷಾತು.
ನಾ ಎದ್ದು ನಿಂತೆ.
"ಬಂದೀನ್ರಿ" ಅಂದೆ.

ಸೀರಿ ತರಾಕ ಹೊಂಟೀನಿ... 
ನಿನ್ನ ಜೀವ ತಣ್ಣಗಿರಲಿ ಮಲ್ಲಿ. 🙏